ಗಾಳಿ ದೊರೆಸಾನಮ್ಮನ ತೊಟ್ಟಿಲು

ಕೆಂಚಾರ್ಲಹಳ್ಳಿ

ಹೊರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು ‘ಊಟಕ್ಕೇನು ಮಾಡಿದ್ರಿ?’ ಅಂತ. ಆಮೇಲೆ ಕೇಳುವುದು ‘ಚಳಿ ಜಾಸ್ತಿನಾ?’ ಅಂತ. ಎರಡಕ್ಕೂ ಇಲ್ಲೇ ಉತ್ತರ ಹೇಳಿ ಮುಗಿಸಿಬಿಡುತ್ತೇನೆ. ಬ್ರೆಡ್ಡು ತಿಂದೆವು, ಚಳಿ ಜಾಸ್ತಿ. ನಾನು ಬರೆಯಲು ಕೂತಿರುವುದು ಬೇರೆ ವಿಷಯಕ್ಕೆ. ಸ್ಕಾಟ್ಲೆಂಡಿನ ಒಂದು ಬಂದರಿನ ಊರಿನಲ್ಲಿ ನಾನೊಂದು ತೊಟ್ಟಿಲು ಹುಡುಕಿಕೊಂಡು ಹೋಗಿದ್ದೆ. ಅದರ ಫೋಟೋ ತಂದು ತೋರಿಸುತ್ತೇನೆಂದು ನಮ್ಮಮ್ಮನಿಗೆ ಮಾತು ಕೊಟ್ಟಿದ್ದೆ.

ಆ ತೊಟ್ಟಿಲಿನ ವಿಷಯ ಹೇಳಬೇಕಾದರೆ ಮೊದಲು ನಮ್ಮ ಮನೆಯ ಓದಿನ ವಿಷಯ ಹೇಳಬೇಕು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ನಮ್ಮದು ರೇಷ್ಮೆ ಬೆಳೆಯುವ ಮನೆ. ಹುಳು ಗೂಡು ಕಟ್ಟಿದ ಮೇಲೆ ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗಳಿಂದ ಗೂಡುಗಳನ್ನು ಒಂದೊಂದಾಗಿ ಬಿಡಿಸಬೇಕು. ಆ ದಿನ ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಮುಯ್ಯಿಗೆ ಬರುತ್ತಾರೆ. ಅವರ ಮನೆಯ ಗೂಡು ಬಿಡಿಸುವ ದಿನ ನಾವು ಹೋಗುತ್ತೇವೆ. ಕೈಗೆ ಕೆಲಸ, ಬಾಯಿಗೆ ಕಿವಿಗೆ ಬಿಡುವು. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ಊರಿನ ಸುದ್ದಿಯೆಲ್ಲ ಹೊರಗೆ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಗೋಡೆಗೆ ಒರಗಿ ಕೂತು ಗಟ್ಟಿಯಾಗಿ ಪುಸ್ತಕ ಓದುತ್ತಿದ್ದರು. ಓದುವವರು ಗೂಡು ಬಿಡಿಸಬೇಕಾಗಿಲ್ಲ ಎಂಬ ರಿಯಾಯಿತಿ ಇತ್ತು. ಮೈಗಳ್ಳತನಕ್ಕೆ ಇವನು ಒಳ್ಳೇ ದಾರಿ ಹುಡುಕಿಕೊಂಡಿದ್ದಾನೆ ಎಂದು ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಪ್ರತಿ ಸಲವೂ ಹೇಳುತ್ತಿದ್ದಳು. ಹೇಳಿಬಿಟ್ಟು ಎಲ್ಲರಿಗಿಂತ ಮುಂದೆ ಬಂದು ಕೂರುತ್ತಿದ್ದಳು.

ಅಪ್ಪನಿಗೆ ಕಟ್ಟುಕಥೆ ಆಗಿಬರದು. ಚಿಂತಾಮಣಿಯ ಲೈಬ್ರರಿಗೆ ಹೋದರೆ, ‘ಯಾರಾದ್ರೂ ಬದುಕಿ ಬಾಳಿದವರದ್ದು ಇದ್ರೆ ಕೊಡಿ ಸಾರ್, ಇಲ್ಲಾಂದ್ರೆ ಯಾವುದಾದ್ರೂ ಊರಿನ ಚರಿತ್ರೆ ಕೊಡಿ. ಸುಳ್ಳು ಓದಕ್ಕೆ ನನಗೆ ಟೈಮಿಲ್ಲ’ ಎನ್ನುತ್ತಿದ್ದರು. ಹಾಗಾಗಿ ನಾನು ಬೆಳೆದದ್ದು ಜೀವನಚರಿತ್ರೆಗಳ ನಡುವೆ. ದೊಡ್ಡವರ ಬಾಲ್ಯವನ್ನು ಅಪ್ಪ ಎರಡೆರಡು ಸಲ ಓದುತ್ತಿದ್ದರು. ಇಸವಿಗಳನ್ನು ಹಾರಿಸುತ್ತಿದ್ದರು. ಕೊನೆಯ ಅಧ್ಯಾಯ ಬಂದರೆ, ‘ಇನ್ನು ಮುಂದೆ ಎಲ್ಲಾರದೂ ಒಂದೇ, ಏಳ್ರಮ್ಮ ಕಾಫಿ ಕುಡೀರಿ’ ಎಂದು ಪುಸ್ತಕ ಮುಚ್ಚುತ್ತಿದ್ದರು. ಕೇಳುವವರಿಗೆ ಆ ಪುಸ್ತಕದ ಜನ ನೆಂಟರಿಷ್ಟರ ಹಾಗೆ ಆಗಿದ್ದರು. ಯಾವುದೋ ದೇಶದ ರಾಜನಿಗೆ ತಮ್ಮನೇ ಮೋಸ ಮಾಡಿದನೆಂದು ಪಕ್ಕದ ಮನೆಯ ಪಾರ್ವತಮ್ಮ ಒಂದು ವಾರ ಶಾಪ ಹಾಕಿಕೊಂಡು ಓಡಾಡಿದ್ದಳು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ತಂದದ್ದು ಸ್ಕಾಟ್ಲೆಂಡಿನ ಒಬ್ಬ ಹೆಂಗಸಿನ ಪುಸ್ತಕ, ಕನ್ನಡಕ್ಕೆ ಬಂದದ್ದು. ಆಕೆ ಹಿಂದಿನ ಕಾಲದವಳು. ಬಂದರಿನ ಊರಿನಲ್ಲಿದ್ದುಕೊಂಡು ದಿನಾ ಗಾಳಿ, ಮೋಡ, ಅಲೆ ನೋಡಿ, ಬಿರುಗಾಳಿ ಬರುವ ಮೊದಲೇ ಕಂಬಕ್ಕೆ ಕೆಂಪು ಬಾವುಟ ಏರಿಸುತ್ತಿದ್ದಳಂತೆ. ಮೊದಮೊದಲು ನಕ್ಕ ಮೀನುಗಾರರು ಆಮೇಲೆ ಬಾವುಟ ಕಂಡರೆ ದೋಣಿ ನೀರಿಗಿಳಿಸುವುದನ್ನೇ ಬಿಟ್ಟರಂತೆ. ಆಕೆಯ ಹೆಸರು ನಮ್ಮಲ್ಲಿ ಯಾರ ಬಾಯಿಗೂ ತಿರುಗಲಿಲ್ಲ. ಗಾಳಿ ದೊರೆಸಾನಮ್ಮ ಎಂದು ಅಜ್ಜಿ ಹೆಸರಿಟ್ಟಳು, ಅದೇ ನಿಂತಿತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಸಮುದ್ರವನ್ನೇ ಕಾಣದ ನಮ್ಮೂರ ಹೆಂಗಸರು ಅಲೆಯ ಎತ್ತರ ಕೇಳಿ, ‘ಹುಣಸೆ ಮರದಷ್ಟಾ?’ ಎಂದು ಬಾಯಿ ಬಿಡುತ್ತಿದ್ದರು.

ಅದೇ ಸಮಯಕ್ಕೆ ಊರಿಗೆ ಅಂಗನವಾಡಿ ಬರುತ್ತದೆಂದು ಸುದ್ದಿಯಾಯಿತು. ನಡೆಸಲು ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಬೇಕಿತ್ತು. ಅಮ್ಮ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮದುವೆಯಾಗಿ ಬಂದವಳು. ತಾನು ಪರೀಕ್ಷೆ ಕಟ್ಟುತ್ತೇನೆ ಎಂದಳು. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ‘ಹಾಲು ಕುಡಿಯೋ ಮಗೀನ ಬಿಟ್ಟು ಅದ್ಯಾವ ಪರೀಕ್ಷೆನಮ್ಮಾ? ಊರವರು ಉಗೀತಾರೆ’ ಎಂದಳು ಅಜ್ಜಿ. ಅಜ್ಜಿ ಅಂದರೆ ಮುಗಿಯಿತು, ನಮ್ಮ ಮನೆಯಲ್ಲಿ ಅದರ ಮೇಲೆ ಅಪೀಲಿಲ್ಲ. ಅಪ್ಪ ಎದ್ದು ಹಿಪ್ಪುನೇರಳೆ ತೋಟಕ್ಕೆ ಹೋದರು.

ಅದಾದ ಮೇಲಿನ ಗೂಡು ಬಿಡಿಸುವ ದಿನ ಅಪ್ಪ ಓದಿದ ಭಾಗ ನನಗೆ ಈಗಲೂ ಬಾಯಿಪಾಠ. ಗಾಳಿ ದೊರೆಸಾನಮ್ಮನಿಗೆ ಮದುವೆಯಾಗಿ ಕೈಗೂಸು ಇತ್ತು. ಬಂದರಿನ ಕಚೇರಿಯವರು, ಪರೀಕ್ಷೆ ಪಾಸು ಮಾಡಿದರೆ ಮಾತ್ರ ಬಾವುಟ ಏರಿಸುವ ಅಧಿಕಾರ ಕೊಡುತ್ತೇವೆ ಅಂದರು. ಆಕೆ ಮಗುವನ್ನು ನೋಡಿಕೊಂಡು ಅಳುತ್ತಾ ಕೂತಳು. ಆಗ ಅವಳ ಅತ್ತೆ ಒಳಗಿನಿಂದ ಬಂದು, ‘ಅಳಬೇಡ ತಾಯಿ, ನೀನು ಓದು. ತೊಟ್ಟಿಲ ಹಗ್ಗ ನನ್ನ ಕೈಗೆ ಕೊಡು’ ಎಂದಳು. ಇವಳು ಓದಿದಳು, ಅತ್ತೆ ತೂಗಿದಳು. ಬಿರುಗಾಳಿಯಿಂದ ಬದುಕಿ ಬಂದ ಮೀನುಗಾರರೆಲ್ಲ ಮೊದಲು ಹೋಗಿ ಕಾಲಿಗೆ ಬಿದ್ದದ್ದು ಆ ಅತ್ತೆಯ ಕಾಲಿಗೆ.

ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜಿ ಒರೆಸಿಕೊಳ್ಳಲಿಲ್ಲ. ಅವಳ ಮುಖ ಬಿಗಿದುಕೊಂಡಿತು. ಸಂಜೆ ಎಲ್ಲರೂ ಹೋದ ಮೇಲೆ, ‘ಆ ಬಿಳೀ ಮುದುಕಿಗಿರೋ ಬುದ್ಧಿ ನನಗಿಲ್ವೇನು? ಪೋನೀಲೇ, ಹೋಗ್ಲಿ ಬಿಡು, ಓದ್ಕೊಳ್ಳಮ್ಮ. ಮಗೀನ ಇಲ್ಲಿ ಕೊಡು’ ಅಂದಳು. ಅಮ್ಮ ಓದಿದಳು. ಪಾಸಾದಳು, ಅಂಗನವಾಡಿ ಟೀಚರಾಗಿ ನಿವೃತ್ತಳೂ ಆದಳು. ಅಜ್ಜಿ ಸಾಯುವವರೆಗೂ ಆ ಬಿಳೀ ಅತ್ತೆಯ ಮೇಲೆ ಪೈಪೋಟಿ ಬಿಡಲಿಲ್ಲ. ಅಮ್ಮನಿಗೆ ಬುತ್ತಿ ಕಟ್ಟಿಕೊಡುವಾಗಲೂ, ‘ಅವಳು ತೊಟ್ಟಿಲು ತೂಗಿದ್ಲು ಅಷ್ಟೇ. ಮುದ್ದೆ ಮಾಡಿಕೊಟ್ಟಿದ್ಲಾ?’ ಎಂದು ಕೇಳುತ್ತಿದ್ದಳು.

ಆ ಕಥೆಯನ್ನು ಅಮ್ಮ ಊರೆಲ್ಲ ಹಂಚಿದಳು. ಮದುವೆಯಾಯಿತೆಂದು ಓದು ಬಿಟ್ಟ ಹುಡುಗಿಯರ ಮನೆ ಜಗಲಿಯಲ್ಲಿ ಹೋಗಿ ಕೂತು, ಅವರ ಅತ್ತೆಯಂದಿರಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಎಷ್ಟೋ ಹುಡುಗಿಯರು ಹಾಗೆ ಮತ್ತೆ ಶಾಲೆ ಕಾಲೇಜು ಕಂಡರು. ನನಗೂ ಎಂಜಿನಿಯರಿಂಗ್ ಡಿಪ್ಲೊಮಾ ಸಿಕ್ಕಿದ್ದು ಆ ತೊಟ್ಟಿಲಿನ ಪುಣ್ಯದಿಂದಲೇ ಎಂದು ನಾನು ನಂಬಿಕೊಂಡಿದ್ದೆ.

ಗೌರಿಬಿದನೂರು, ಚಿಕ್ಕಬಳ್ಳಾಪುರ

ನಾನು ಕೆಲಸ ಮಾಡುವುದು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ. ಹೊಸ ಪ್ಯಾಕಿಂಗ್ ಯಂತ್ರ ಬರುವುದಿತ್ತು. ಅದನ್ನು ನಡೆಸುವುದು ಕಲಿಯಲು ಇಬ್ಬರನ್ನು ಸ್ಕಾಟ್ಲೆಂಡಿಗೆ ಕಳಿಸುತ್ತೇವೆ ಎಂದರು. ನಾನೊಬ್ಬಳು, ಇನ್ನೊಬ್ಬಳು ಶಿಡ್ಲಘಟ್ಟದ ನಸ್ರೀನ್. ನಸ್ರೀನ್ ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ. ನಾವು ಬೆಳೆದ ಗೂಡನ್ನು ಅವರು ಬಿಸಿನೀರಿಗೆ ಹಾಕುವವರು ಎಂದು ನಾವಿಬ್ಬರೂ ತಮಾಷೆ ಮಾಡಿಕೊಳ್ಳುತ್ತೇವೆ.

ವಿಷಯ ಹೇಳಲು ಊರಿಗೆ ಹೋದೆ. ‘ಅಪ್ಪಾ, ಗಾಳಿ ದೊರೆಸಾನಮ್ಮನ ದೇಶಕ್ಕೆ ಹೋಗ್ತಿದೀನಿ. ಅವಳ ಮನೆ ಈಗ ಮ್ಯೂಸಿಯಂ ಆಗೈತಂತೆ, ನೋಡ್ಕೊಂಡು ಬರ್ತೀನಿ’ ಅಂದೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

‘ಅಲ್ಲೇನೈತಮ್ಮ ನೋಡೋದು? ಹಳೇ ಮನೆ. ಎಲ್ಲಾ ಬಿದ್ದು ಹೋಗಿರ್ತದೆ.’

‘ಮ್ಯೂಸಿಯಂ ಮಾಡಿದಾರೆ ಅಂದ್ನಲ್ಲಪ್ಪ.’

‘ಅಲ್ಲಿ ಚಳಿ. ನಿನಗೆ ಶೀತ ಆಗ್ತದೆ. ಕಂಪ್ನಿ ಕೆಲಸಕ್ಕೆ ಹೋಗಿ ಕಂಪ್ನಿ ಕೆಲಸ ಮುಗಿಸ್ಕೊಂಡು ಬಾ, ಅಲ್ಲೀ ಇಲ್ಲೀ ತಿರುಗೋದ್ಯಾಕೆ?’

ಬದುಕಿ ಬಾಳಿದವರ ಊರು ನೋಡುವುದೇ ದೊಡ್ಡದೆಂದು ಜೀವಮಾನವೆಲ್ಲ ಹೇಳಿದ ಮನುಷ್ಯ! ನನಗೆ ಸಿಟ್ಟೇ ಬಂತು. ಅಮ್ಮ ಒಳಗಿನಿಂದ ಅವರೆಕಾಳು ಸುಲಿಯುತ್ತಾ, ‘ನೀನು ಹೋಗಮ್ಮ. ಆ ತೊಟ್ಟಿಲಿಂದು ಒಂದು ಫೋಟೋ ತಗಂಡು ಬಾ. ಆ ಅತ್ತೆಯಮ್ಮಂದೂ ಇದ್ರೆ ತಾ. ನಮ್ಮತ್ತೆ ಪಕ್ಕದಲ್ಲಿ ಹಾಕಣ’ ಅಂದಳು. ಅಪ್ಪ ಎದ್ದು ಹೊರಗೆ ಹೋದರು. ಅಮ್ಮನಿಗೆ ನಾನು ಮಾತು ಕೊಟ್ಟೆ.

ಗೌರಿಬಿದನೂರಿನಿಂದ ನಾನು, ಶಿಡ್ಲಘಟ್ಟದಿಂದ ನಸ್ರೀನ್ ಬಂದು ಚಿಕ್ಕಬಳ್ಳಾಪುರದಲ್ಲಿ ಸೇರಿಕೊಂಡೆವು. ಅಪ್ಪ ಬೀಳ್ಕೊಡಲು ಅಲ್ಲಿಯವರೆಗೆ ಬಂದಿದ್ದರು. ವಿಮಾನ ನಿಲ್ದಾಣದ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ‘ಮಂಜಮ್ಮಾ, ಆ ಮನೆಗೆ ಹೋಗ್ಲೇಬೇಕಾ?’ ಎಂದು ಮತ್ತೊಂದು ಸಲ ಕೇಳಿದರು. ನಾನು ತಲೆಯಾಡಿಸಿದೆ. ಅವರು ಸಪ್ಪೆ ಮುಖ ಮಾಡಿಕೊಂಡು ಒಂದು ಚೀಲ ಕಡ್ಲೆಕಾಯಿ ನನ್ನ ಮಡಿಲಿಗೆ ಹಾಕಿದರು.

ಯಂತ್ರದ ಊರು

ತರಬೇತಿಯ ಊರಿನ ಬಗ್ಗೆ ಹೇಳುವಂಥದ್ದು ಕಡಿಮೆ. ಯಂತ್ರ ಎಲ್ಲಾ ಕಡೆಯೂ ಯಂತ್ರವೇ. ನಾವಿದ್ದ ಕೋಣೆಯ ಕೈತೊಳೆಯುವ ತೊಟ್ಟಿಗೆ ಎರಡು ನಲ್ಲಿ ಇದ್ದವು. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು. ಎರಡನ್ನೂ ಬೆರೆಸುವ ಏರ್ಪಾಡಿಲ್ಲ. ಇಷ್ಟೆಲ್ಲ ಯಂತ್ರ ಕಂಡುಹಿಡಿದವರು ಮುಖ ಹೇಗೆ ತೊಳೆಯುತ್ತಾರೋ! ನಸ್ರೀನ್ ಮೊದಲ ದಿನವೇ ಅಂಗಡಿಗೆ ಹೋಗಿ ಒಂದು ಚೊಂಬು ಹುಡುಕಿದಳು. ಚೊಂಬು ಸಿಗಲಿಲ್ಲ. ಹಾಲು ಕಾಯಿಸುವ ಹಿಡಿಕೆಯ ಪಾತ್ರೆ ತಂದಳು, ನಮ್ಮ ಸ್ನಾನ ಮುಖಮಜ್ಜನವೆಲ್ಲ ಅದರಲ್ಲೇ ನಡೆಯಿತು.

ಅಲ್ಲಿನ ಜನ ಮಾತು ಶುರು ಮಾಡುವುದೇ ಹವೆಯಿಂದ. ನಮ್ಮಲ್ಲಿ ‘ತಿಂಡಿ ಆಯ್ತಾ?’ ಅನ್ನುವ ಜಾಗದಲ್ಲಿ ಅವರು ‘ಇವತ್ತು ಮಳೆ ಬರಲಿಲ್ಲ ನೋಡಿ’ ಅನ್ನುತ್ತಾರೆ. ಹೌದು ಅಂದರೆ ಸಾಕು, ಪರಿಚಯವಾದ ಹಾಗೆ. ಗಾಳಿ ದೊರೆಸಾನಮ್ಮ ಇಂಥ ದೇಶದಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಿತು.

ಬಸ್ ಸ್ಟಾಪು

ರಜೆಯ ದಿನ ರೈಲಿನಲ್ಲಿ ಅರ್ಧ ದಾರಿ ಹೋಗಿ ಇಳಿದೆವು. ಅಲ್ಲಿಂದ ಬಂದರಿಗೆ ಬಸ್ಸು. ಸ್ಟಾಪಿನಲ್ಲಿ ನಾವಿಬ್ಬರೇ ನಿಂತಿದ್ದೆವು. ಬಸ್ಸು ಬಂತು, ನಮ್ಮ ಮುಂದೆಯೇ ಹೊರಟು ಹೋಯಿತು. ನಸ್ರೀನ್ ‘ಹೋಲ್ಡಾನ್! ಹೋಲ್ಡಾನ್!’ ಎಂದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಹಾಗೆ ಕೂಗಿಕೊಂಡು ಹಿಂದೆ ಓಡಿದಳು. ಡ್ರೈವರ್ ತಿರುಗಿಯೂ ನೋಡಲಿಲ್ಲ.

ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಅಜ್ಜ ನಿಂತು, ನೀವು ಕೈ ಚಾಚಲಿಲ್ಲವಲ್ಲ ಎಂದು ವಿವರಿಸಿದರು. ಸ್ಟಾಪಿನಲ್ಲಿ ಸುಮ್ಮನೆ ನಿಂತಿದ್ದರೆ ಹವೆ ನೋಡಲು ನಿಂತವರು ಅಂದುಕೊಳ್ಳುತ್ತಾರಂತೆ. ನಮ್ಮ ಚಿಂತಾಮಣಿ ರೂಟಿನಲ್ಲಿ ರಸ್ತೆ ಪಕ್ಕ ನಿಂತು ಬಸ್ಸಿನ ಕಡೆ ಕಣ್ಣು ಹಾಯಿಸಿದರೂ ಸಾಕು, ಕಂಡಕ್ಟರು ಇಳಿದು ಬಂದು ಬ್ಯಾಗು ಎತ್ತಿಕೊಳ್ಳುತ್ತಾನೆ. ಮುಂದಿನ ಬಸ್ಸಿಗೆ ನಾವಿಬ್ಬರೂ ನಾಲ್ಕೂ ಕೈ ಚಾಚಿದೆವು. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಿದ್ದರು. ಅದು ನನಗೆ ಇಷ್ಟವಾಯಿತು.

ಬಂದರು

ಬಂದರಿನ ಊರು ಚಿಕ್ಕದು, ಕಲ್ಲಿನದು. ಮನೆಗಳೆಲ್ಲ ಗಾಳಿಗೆ ಬೆನ್ನು ತಿರುಗಿಸಿಕೊಂಡು ಕೂತಿವೆ. ನಂದಿಬೆಟ್ಟದ ಮೇಲೆ ಚಳಿಗಾಲದ ಬೆಳಗ್ಗೆ ಬೀಸುವ ಗಾಳಿಗೆ ಉಪ್ಪು ಹಾಕಿದರೆ ಹೇಗಿರುತ್ತದೋ ಹಾಗಿತ್ತು. ಸಮುದ್ರ ನೋಡಿ ಪಾರ್ವತಮ್ಮನ ನೆನಪಾಯಿತು. ಅಲೆ ಹುಣಸೆ ಮರದಷ್ಟಿರಲಿಲ್ಲ, ತೊಗರಿ ಗಿಡದಷ್ಟಿತ್ತು.

ನಸ್ರೀನ್ ಕಾಗದದ ಪೊಟ್ಟಣದಲ್ಲಿ ಆಲೂಗಡ್ಡೆಯ ಬಿಸಿ ಚಿಪ್ಸ್ ಕೊಂಡಳು. ಮೊದಲನೆಯದನ್ನು ಬಾಯಿಗಿಡುವಷ್ಟರಲ್ಲಿ ಒಂದು ಬಿಳಿಯ ಕಡಲಹಕ್ಕಿ ಬಂದು ಅವಳ ಕೈಯಿಂದಲೇ ಕಿತ್ತುಕೊಂಡು ಹಾರಿತು. ಕೋಳಿಗಿಂತ ದಪ್ಪ ಇತ್ತು. ‘ಅರೆ, ಹಲ್ಕಾ!’ ಎಂದು ಅವಳು ಆಕಾಶಕ್ಕೆ ಬೈಯುತ್ತಿದ್ದರೆ ಪಕ್ಕದಲ್ಲಿದ್ದವರು ನಗುತ್ತಾ ತಮ್ಮ ಪೊಟ್ಟಣ ಮುಂದೆ ಹಿಡಿದರು.

ಅಲ್ಲಿ ಬೆಂಚುಗಳ ಮೇಲೆ ಸತ್ತವರ ಹೆಸರು ಇರುತ್ತದೆ. ಒಂದು ಚಿಕ್ಕ ತಗಡು, ಅದರ ಮೇಲೆ ಹೆಸರು, ಇವರಿಗೆ ಇಲ್ಲಿ ಕೂತು ದೋಣಿ ನೋಡುವುದೆಂದರೆ ಇಷ್ಟ ಎನ್ನುವಂಥ ಒಂದು ಸಾಲು. ಅವರ ಮನೆಯವರು ಬೆಂಚು ಮಾಡಿಸಿ ಇಡುತ್ತಾರಂತೆ. ನಾನು ಒಂದೊಂದೇ ಬೆಂಚು ಓದುತ್ತಾ ಹೋದೆ. ಅಪ್ಪ ಇದ್ದಿದ್ದರೆ ಬಂದರು ಪೂರ್ತಿ ಓದದೆ ಬಿಡುತ್ತಿರಲಿಲ್ಲ. ‘ನೀನು ಮ್ಯೂಸಿಯಂಗೆ ಬರ್ತೀಯೋ, ಬೆಂಚು ಓದ್ತಾನೇ ಇರ್ತೀಯೋ?’ ಎಂದು ನಸ್ರೀನ್ ಎಳೆದುಕೊಂಡು ಹೋದಳು.

ಆಕೆಯ ಮನೆ

ಗಾಳಿ ದೊರೆಸಾನಮ್ಮನ ಮನೆ ಬಂದರಿನ ತುದಿಯಲ್ಲಿದೆ. ಮುಂದೆ ಕಂಬ, ಕಂಬದ ಮೇಲೆ ನಿಜವಾಗಿಯೂ ಕೆಂಪು ಬಾವುಟ. ಕೆಂಚಾರ್ಲಹಳ್ಳಿಯ ನಡುಮನೆಯಲ್ಲಿ ಗೂಡು ಬಿಡಿಸುತ್ತಾ ಕೇಳಿದ ಬಾವುಟ ನನ್ನ ಕಣ್ಣ ಮುಂದೆ ಪಟಪಟ ಬಡಿದುಕೊಳ್ಳುತ್ತಿತ್ತು.

ಒಳಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಸ್ವೆಟರ್ ಹೆಣೆಯುತ್ತಾ ಕೂತಿದ್ದರು. ಹೆಸರು ಶೀಲಾ ಅಂದರು. ನಮ್ಮ ಬೀದಿಯಲ್ಲೂ ಒಬ್ಬಳು ಶೀಲಾ ಇದ್ದಾಳೆ ಎಂದು ನಸ್ರೀನ್ ಹೇಳಿದ್ದಕ್ಕೆ ತುಂಬಾ ಖುಷಿಪಟ್ಟರು. ಊರಿನವರೇ ಸರದಿಯ ಮೇಲೆ ಬಂದು ಮನೆ ತೋರಿಸುತ್ತಾರಂತೆ, ಇವತ್ತು ಅವರ ಸರದಿ. ಅವರ ಇಂಗ್ಲಿಷು ನಮ್ಮ ಕಿವಿಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಗಾಳಿ ಅಳೆಯುವ ಬಟ್ಟಲುಗಳು, ಪಾದರಸದ ಕೊಳವೆ, ಒದ್ದೆಯಾಗಿ ಒಣಗಿ ಗಟ್ಟಿಯಾದ ಅವಳ ಕೋಟು, ಎಲ್ಲವನ್ನೂ ತೋರಿಸಿದರು. ಅಪ್ಪ ಓದಿದ್ದೆಲ್ಲ ಅಲ್ಲಿತ್ತು. ಮೀನುಗಾರರು ನಕ್ಕದ್ದೂ ಇತ್ತು, ಆಮೇಲೆ ಹೆದರಿದ್ದೂ ಇತ್ತು. ನಾನು ಪ್ರತಿಯೊಂದಕ್ಕೂ ‘ಗೊತ್ತು, ಗೊತ್ತು’ ಅನ್ನುತ್ತಿದ್ದೆ. ಇಷ್ಟು ದೂರದಲ್ಲಿ ನಿಮಗೆ ಹೇಗೆ ಗೊತ್ತು ಎಂದು ಶೀಲಾ ಬೆರಗಾದರು. ಮಹಡಿ ಮೇಲೆ ಅವಳು ಮಲಗುತ್ತಿದ್ದ ಕೋಣೆ. ಕಿಟಕಿ, ಒಂದು ಮೇಜು, ಒಬ್ಬರು ಮಲಗುವಷ್ಟು ಅಗಲದ ಮಂಚ.

‘ತೊಟ್ಟಿಲು ಎಲ್ಲಿ?’ ಎಂದು ಕೇಳಿದೆ.

‘ಯಾವ ತೊಟ್ಟಿಲು?’

‘ಅವರ ಮಗುವಿನ ತೊಟ್ಟಿಲು. ಅತ್ತೆ ತೂಗುತ್ತಿದ್ದರಲ್ಲ, ಇವರು ಪರೀಕ್ಷೆಗೆ ಓದುವಾಗ.’

ಶೀಲಾ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ‘ಇಲ್ಲಮ್ಮ, ಅವರಿಗೆ ಮದುವೆಯೇ ಆಗಿರಲಿಲ್ಲ. ಯಾವ ಪರೀಕ್ಷೆಯನ್ನೂ ಬರೆಯಲಿಲ್ಲ. ಒಬ್ಬರೇ ಕಲಿತದ್ದು, ಒಬ್ಬರೇ ಇದ್ದದ್ದು.’

ನಾನು ವಾದ ಮಾಡಿದೆ, ನಾಚಿಕೆಯಿಲ್ಲದೆ. ಪುಸ್ತಕದಲ್ಲಿತ್ತು ಅಂದೆ. ಅವರು ಪಾಪ, ಕೆಳಗೆ ಹೋಗಿ ದಪ್ಪ ಪುಸ್ತಕ ತಂದರು. ಅಪ್ಪ ಓದಿದ್ದರ ಇಂಗ್ಲಿಷ್ ಮೂಲ ಅದೇ. ಹಾಳೆ ತಿರುವಿದೆ, ಕೊನೆಯಲ್ಲಿದ್ದ ಹೆಸರುಗಳ ಪಟ್ಟಿಯನ್ನೂ ನೋಡಿದೆ. ಎಲ್ಲೂ ಗಂಡ ಇಲ್ಲ, ಮಗು ಇಲ್ಲ, ಅತ್ತೆಯ ಸುಳಿವೇ ಇಲ್ಲ. ನನಗೆ ಆಗ ಅಪ್ಪನ ಕಾಫಿ ಲೋಟ ನೆನಪಾಯಿತು, ಬಸ್ಸಿನ ಕಿಟಕಿಯ ಹತ್ತಿರದ ಸಪ್ಪೆ ಮುಖ ನೆನಪಾಯಿತು. ಆ ಒಂಟಿ ಮಂಚದ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಶೀಲಾಗೆ ಎಲ್ಲಾ ಹೇಳಿದೆ. ಗೂಡು ಬಿಡಿಸುವುದು, ಅಜ್ಜಿ, ಬುತ್ತಿ, ಮುದ್ದೆಯ ಪೈಪೋಟಿ, ಅಮ್ಮನ ಅಂಗನವಾಡಿ. ಅವರು ನಕ್ಕರು, ಆಮೇಲೆ ಹೆಣೆಯುತ್ತಿದ್ದ ಉಣ್ಣೆಯಲ್ಲೇ ಕಣ್ಣೊರೆಸಿಕೊಂಡರು. ‘ಈಗ ನಿಮ್ಮ ತಾಯಿಗೆ ಏನು ಹೇಳುತ್ತೀರಿ?’ ಎಂದರು. ನನಗೆ ಬೇಕಾಗಿದ್ದೂ ಅದಕ್ಕೆ ಉತ್ತರವೇ. ಸುಳ್ಳೆಂದು ಹೇಳಿದರೆ, ತನ್ನ ಬದುಕೇ ಒಂದು ಸುಳ್ಳಿನ ಮೇಲೆ ನಿಂತಿತ್ತು ಎಂದು ಅಮ್ಮ ನೊಂದುಕೊಳ್ಳುತ್ತಾಳೆ. ಎಷ್ಟು ಮನೆ ಜಗಲಿಗಳಲ್ಲಿ ಕೂತು ಆಣೆ ಮಾಡಿದ ಹಾಗೆ ಹೇಳಿದ್ದಾಳೆ! ಅವಳ ಮುಖ ನೆನೆಸಿಕೊಂಡರೇ ಭಯವಾಯಿತು.

ಹೊರಡುವಾಗ ಬಾಗಿಲ ಬಳಿ ಮಾರಲು ಇಟ್ಟಿದ್ದ ಚಿತ್ರದ ಕಾರ್ಡುಗಳಲ್ಲಿ ಒಂದನ್ನು ನಸ್ರೀನ್ ಎತ್ತಿಕೊಂಡಳು. ಗಾಳಿ ದೊರೆಸಾನಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಪಕ್ಕದಲ್ಲಿ ತಲೆಗೆ ಬಿಳಿ ಬಟ್ಟೆ ಕಟ್ಟಿದ ಒಬ್ಬ ಮುದುಕಿ, ಕೈಯಲ್ಲಿ ಕೆಟಲು. ಮುದುಕಿ ಯಾರು ಎಂದು ಕೇಳಿದರೆ, ಮನೆಗೆಲಸಕ್ಕೆ ಬರುತ್ತಿದ್ದವರು ಎಂದರು ಶೀಲಾ.

‘ಇವಳೇ ಅತ್ತೆ ಅಂತ ಹೇಳ್ಬಿಡು ಮಂಜು’ ಅಂದಳು ನಸ್ರೀನ್ ಮೆಲ್ಲಗೆ. ‘ಯಾರು ಬಂದು ಕೇಳ್ತಾರೆ ಕೆಂಚಾರ್ಲಹಳ್ಳಿಗೆ?’

ಬೆಂಚು

ದೋಣಿ ನೋಡಲು ಇಷ್ಟಪಡುತ್ತಿದ್ದ ಯಾರದೋ ಬೆಂಚಿನ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ.

‘ಅಪ್ಪಾ, ಇಲ್ಲಿ ತೊಟ್ಟಿಲಿಲ್ಲ.’

ಆ ಕಡೆ ಹಸು ಕೂಗಿದ್ದು ಕೇಳಿಸಿತು. ಅಪ್ಪ, ‘ನಿಮ್ಮಮ್ಮ ಡೈರಿಗೆ ಹಾಲು ಹಾಕಕ್ಕೆ ಹೋಗಿದಾಳೆ’ ಅಂದರು. ಅವಳು ಹತ್ತಿರದಲ್ಲಿಲ್ಲ, ಮಾತಾಡಬಹುದು ಎಂದು ಅದರರ್ಥ.

‘ಯಾಕಪ್ಪ ಹಾಗೆ ಮಾಡಿದೆ? ಸುಳ್ಳು ಓದಕ್ಕೆ ಟೈಮಿಲ್ಲ ಅಂತಿದ್ದೋನು ನೀನು!’

‘ನಮ್ಮಮ್ಮನ ಮುಂದೆ ನಿಂತು ಹೇಳೋ ಧೈರ್ಯ ನನಗಿರಲಿಲ್ಲ ಕಣಮ್ಮ. ಪುಸ್ತಕ ಅಡ್ಡ ಹಿಡ್ಕೊಂಡು ಹೇಳಿದೆ. ಬಾಯಿಗೆ ಬಂತು, ಹೇಳ್ತಾ ಹೋದೆ. ಮೀನುಗಾರರನ್ನ ಅತ್ತೆ ಕಾಲಿಗೆ ಬೀಳಿಸಿದ್ದು ಸ್ವಲ್ಪ ಜಾಸ್ತಿ ಆಯ್ತು ಅಂತ ನನಗೂ ಅನ್ನಿಸ್ತು.’

ನನಗೆ ನಗುವೂ ಬಂತು, ಅಳುವೂ ಬಂತು. ‘ಈಗ ಅಮ್ಮನಿಗೇನು ಹೇಳಣ?’

‘ಏನೂ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ ಬೇಕಾದ್ರೆ. ಇಷ್ಟು ವರ್ಷ ಅದನ್ನ ದೇವರ ಮಾತು ಅಂತ ನಂಬವ್ಳೆ. ಈಗ ಸುಳ್ಳು ಅಂದ್ರೆ ನನ್ನ ಮುಖ ನೋಡ್ತಾಳಾ ಅವಳು?’

ನಾನು ಕಾರ್ಡನ್ನು ಬ್ಯಾಗಿನಲ್ಲಿ ಹಾಕಿಕೊಂಡೆ. ವಾಪಸ್ಸು ಬರುವ ದಾರಿಯೆಲ್ಲ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಾ ಬಂದೆ. ತೊಟ್ಟಿಲು ಯಾವ ಮರದ್ದು, ಹಗ್ಗ ಎಲ್ಲಿ ಕಟ್ಟಿತ್ತು, ಫೋಟೋ ತೆಗೆಯಲು ಯಾಕೆ ಬಿಡಲಿಲ್ಲ. ಯಂತ್ರದ ತರಬೇತಿಗೂ ನಾನು ಇಷ್ಟು ತಯಾರಿ ಮಾಡಿಕೊಂಡಿರಲಿಲ್ಲ.

ಮತ್ತೆ ಕೆಂಚಾರ್ಲಹಳ್ಳಿ

ಊರಿಗೆ ಹೋದ ದಿನ ಗೂಡು ಬಿಡಿಸುತ್ತಿದ್ದರು. ಈಗ ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನವು ಬಂದಿವೆ, ಬೇಸಾಯವೆಲ್ಲ ತಮ್ಮನದು. ಅವನು ಆಗಲೇ ತುಂಬಿದ ಒಂದಷ್ಟು ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಲು ಹೋಗಿದ್ದ. ಮುಯ್ಯಿಗೆ ಬಂದವರು ಊಟಕ್ಕೆ ಎದ್ದಿದ್ದರು. ನಡುಮನೆಯಲ್ಲಿ ಅಮ್ಮ, ಅಪ್ಪ, ಗೋಡೆಯ ಮೇಲೆ ಹಾರ ಹಾಕಿದ ಅಜ್ಜಿಯ ಫೋಟೋ. ಅಪ್ಪ ಕೈಯಲ್ಲಿ ಪುಸ್ತಕ ಹಿಡಿದಿದ್ದರು, ಕಣ್ಣು ನನ್ನ ಮೇಲಿತ್ತು.

‘ನೋಡಿದ್ಯೇನಮ್ಮ ತೊಟ್ಟಿಲು?’ ಅಮ್ಮ ಕೇಳಿದಳು, ಕೈಯ ಕೆಲಸ ನಿಲ್ಲಿಸದೆ.

‘ನೋಡ್ದೆ ಅಮ್ಮ. ಕರೀ ಮರದ್ದು. ಕಿಟಕಿ ಪಕ್ಕದಲ್ಲಿಟ್ಟವ್ರೆ. ಹಗ್ಗ ಸುದ್ದಾ ಹಾಗೇ ಐತೆ, ಅತ್ತೆ ಹಿಡ್ಕೊಂಡು ಹಿಡ್ಕೊಂಡು ನುಣ್ಣಗಾಗೋಗೈತೆ. ಫೋಟೋ ತೆಗೆಯಕ್ಕೆ ಬಿಡಲ್ಲ. ಅದಕ್ಕೇ ಈ ಕಾರ್ಡ್ ತಂದೆ. ಇವರೇ ಅತ್ತೆ.’

ಅಪ್ಪ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಅಮ್ಮ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ಅವಳ ಹೊಟ್ಟೆ ಕುಲುಕುವುದು ಮೊದಲು ಕಾಣಿಸಿತು, ಆಮೇಲೆ ನಗು ಕೇಳಿಸಿತು.

‘ಥೇಟ್ ನಿಮ್ಮಪ್ಪನ ಮಗಳೇ ಕಣೇ ನೀನು. ಇವಳು ಆ ಮನೆ ಕಸ ಗುಡಿಸೋಳು. ಪುಸ್ತಕದಲ್ಲೂ ಇದೇ ಫೋಟೋ ಇತ್ತು, ಕೆಳಗೆ ಬರೆದಿದ್ರು. ದೊರೆಸಾನಮ್ಮಂಗೆ ಮದುವೆ ಎಲ್ಲಾಗಿತ್ತು?’

ಅಪ್ಪನ ಕೈಯಿಂದ ಪುಸ್ತಕ ಜಾರಿತು. ‘ನಿಂಗೆ... ಯಾವಾಗ ಗೊತ್ತಾಯ್ತು?’

‘ಪಾಸಾದ್ನಲ್ಲ, ಆಗ. ಲೈಬ್ರರಿಗೆ ನಾನೇ ಹೋಗಿ ತಂದು ಓದಿದ ಮೊದಲನೇ ಪುಸ್ತಕ ಅದೇ. ತೊಟ್ಟಿಲು ಎಲ್ಲಿ ಬರ್ತದೆ, ಎಲ್ಲಿ ಬರ್ತದೆ ಅಂತ ಕೊನೇ ಹಾಳೆವರೆಗೂ ಓದಿದೆ.’

‘ಗೊತ್ತಿದ್ದೂ ಊರೆಲ್ಲ ಹೇಳ್ಕೊಂಡು ಬಂದ್ಯಾ ಅಮ್ಮಾ?’ ಎಂದೆ ನಾನು.

‘ಹೂಂ ಮತ್ತೆ. ಹುಡುಗೀರು ಓದ್ತಿದ್ರಲ್ಲ.’ ಅಷ್ಟು ಹೇಳಿ ಅವಳು ನಗು ನಿಲ್ಲಿಸಿದಳು. ಅಪ್ಪನ ಕಡೆ ತಿರುಗಿದಳು. ‘ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಇಷ್ಟು ವರ್ಷ ಕಾದೆ. ಇವಳನ್ನ ಅಲ್ಲಿಗೆ ಕಳಿಸಿದ್ರಾದ್ರೂ ಬಾಯಿ ಬಿಡ್ತೀರ ಅಂದ್ಕೊಂಡೆ. ಬೈಯೋದಕ್ಕಲ್ಲ ರೀ. ನನ್ನ ಓದ್ಸಬೇಕು ಅಂತ ಅಷ್ಟು ಆಸೆ ಇದ್ದೋರು, ಅದನ್ನ ನನ್ನ ಹತ್ರ ಒಂದು ಸಲ ಹೇಳ್ಬಾರದಾಗಿತ್ತಾ?’

ಅಪ್ಪ ಪುಸ್ತಕವಿಲ್ಲದ ಖಾಲಿ ಕೈಗಳನ್ನು ಉಜ್ಜಿಕೊಳ್ಳುತ್ತಾ, ‘ಇತ್ತು ಕಣೇ. ತುಂಬಾ ಆಸೆ ಇತ್ತು’ ಅಂದರು.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. ಕಾರ್ಡನ್ನು ಅಜ್ಜಿಯ ಫೋಟೋದ ಕಟ್ಟಿನ ಮೂಲೆಗೆ ಸಿಕ್ಕಿಸಿ, ಬಾಗಿದ್ದ ಹಾರ ಸರಿಮಾಡಿದಳು.

‘ನೋಡಿ ಅತ್ತೆ’ ಅಂದಳು. ‘ನೀವೇ ಗೆದ್ದಿದ್ದು. ಆ ಬಿಳೀ ಅತ್ತೆ ಹುಟ್ಟೇ ಇರಲಿಲ್ಲವಂತೆ.’